ಆದ್ರೆ ಏನ್ ಮಾಡ್ತೀರ ಮೇಡಂ?

ಮೊನ್ನೆ ಭಾನುವಾರ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಮೂರು ತಿಂಗಳು ತುಂಬಿತು. ಬಂದವರಲ್ಲಿ ಅರ್ಧ ಜನ ಮಗುವನ್ನು ಎತ್ತಿಕೊಂಡ ಕೂಡಲೇ ಕೇಳಿದ್ದು ಒಂದೇ, "ಹುಟ್ಟಿದಾಗ ಎಷ್ಟಿತ್ತು ತೂಕ?" ಮೂರು ಕೆಜಿ ಆರುನೂರ ಐವತ್ತು ಗ್ರಾಂ. ನಗುನಗುತ್ತಾ ಹೇಳಿದೆ. ಹೋದ ವರ್ಷ ಯಾರಾದರೂ ಮಗುವಿನ ತೂಕದ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ನಡುವೆ ಏನಾಯಿತು, ಯಾರ್‍ಯಾರು ಕೈ ಹಿಡಿದರು ಅಂತ ಬರೆದು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳಬೇಕು. ದೊಡ್ಡವನು ಹುಟ್ಟಿದ್ದು ಆರು ವರ್ಷದ ಹಿಂದೆ. ಚೊಚ್ಚಲು ಅಂತ ತವರಿಗೆ ಹೋಗಿದ್ದೆ, ಅಲ್ಲಿನ ಒಂದು ನರ್ಸಿಂಗ್ ಹೋಂ. ಹೆಸರು ಬೇಡ. ನಾಲ್ಕು ಕೆಜಿ ಇನ್ನೂರು ಗ್ರಾಂ ಮಗು. ತಲೆ ಬಂತು, ಮೈ ಬರಲಿಲ್ಲ. ಭುಜ ಸಿಕ್ಕಿಕೊಂಡಿತ್ತು. ಆಗ ನನಗೆ ಅದೂ ಗೊತ್ತಿಲ್ಲ. "ಮುಕ್ಕು, ಮುಕ್ಕು" ಅಂತ ನಾಲ್ಕು ಜನ ಕೂಗುತ್ತಿದ್ದರು. ಒಬ್ಬರು ಸ್ಟೂಲ್ ಹತ್ತಿ ನಿಂತು ಹೊಟ್ಟೆಯ ಮೇಲ್ಭಾಗಕ್ಕೆ ಎರಡೂ ಕೈ ಊರಿ ಒತ್ತಿದರು. ಪಕ್ಕೆಲುಬು ಮುರಿದೇ ಹೋಯಿತು ಅಂದುಕೊಂಡೆ. ಮಗು ಬಂತು, ಸ್ವಲ್ಪ ತಡೆದು ಅತ್ತಿತು, ಆದರೆ ಎಡಗೈ ಎತ್ತಲಿಲ್ಲ. ಕತ್ತಿನ ಹತ್ತಿರದ ನರ ಎಳೆದಂತಾಗಿದೆ, ಸರಿಹೋಗುತ್ತೆ ಅಂದರು, ಅಷ್ಟೇ. ನಾಲ್ಕು ತಿಂಗಳು ಫಿಸಿಯೋಥೆರಪಿಗೆ ಓಡಾಡಿದೆವು. ದೇವರು ದೊಡ್ಡವನು, ಸರಿಹೋಯಿತು. ಈಗ ಅದೇ ಎಡಗೈಯಲ್ಲಿ ಕಲ್ಲು ಹೊಡೆದು ಪಕ್ಕದ ಮನೆಯ ಮಾವಿನಕಾಯಿ ಬೀಳಿಸಿ ನನಗೆ ಬೈಗುಳ ತರುತ್ತಾನೆ. ಆದರೆ ಆವತ್ತು ಆ ಕೋಣೆಯಲ್ಲಿ ಏನಾಯಿತು, ಯಾಕಾಯಿತು ಅಂತ ಒಬ್ಬರೂ ನನಗೆ ಹೇಳಲಿಲ್ಲ. ಆರು ವರ್ಷ ನಾನು ಹೊತ್ತು ತಿರುಗಿದ್ದು ಆ ಹೇಳದ ಮಾತನ್ನೇ.

ಎರಡನೆಯದು ನಿಂತಾಗ ಎಲ್ಲರಿಗೂ ಖುಷಿ, ನನಗೆ ನಡುಕ. ಮಗು ದೊಡ್ಡದಾದರೆ? ಮತ್ತೆ ಸಿಕ್ಕಿಕೊಂಡರೆ? ಈ ಸಲ ಕೈ ಸರಿಹೋಗದಿದ್ದರೆ? ಹೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಏನೂ ಆಗಲ್ಲ ಬಿಡೇ, ಎರಡನೇದು ಸಲೀಸು." ಪ್ರೀತಿಯಿಂದಲೇ ಹೇಳಿದ್ದು, ಅವರನ್ನು ದೂರುತ್ತಿಲ್ಲ. ಆದರೆ ಮೊದಲ ಸಲವೂ ಎಲ್ಲರೂ ಹೇಳಿದ್ದು "ಏನೂ ಆಗಲ್ಲ" ಅಂತಲೇ ಅಲ್ಲವೇ? ಆ ಮಾತು ಕೇಳಿದಾಗೆಲ್ಲ ಮಾತು ಮುಗಿಯುತ್ತಿತ್ತು, ಹೆದರಿಕೆ ಉಳಿಯುತ್ತಿತ್ತು.

ಅಮ್ಮನ ಸಂಕಟ ಬೇರೆ. "ನಾನೇ ತುಪ್ಪ ತಿನ್ನಿಸಿ ತಿನ್ನಿಸಿ ಆವತ್ತು ಮಗೂನ ಅಷ್ಟು ದಪ್ಪ ಮಾಡ್ದೆ" ಅಂತ ಫೋನಿನಲ್ಲಿ ಅಳುತ್ತಿದ್ದಳು. ಅಮ್ಮಾ, ಮೊದಲ ಥ್ಯಾಂಕ್ಸ್ ನಿನಗೆ, ಜೊತೆಗೆ ಒಂದು ತಿದ್ದುಪಡಿ. ತುಪ್ಪದ್ದಲ್ಲ ತಪ್ಪು. ಮೊದಲ ಬಸುರಿನಲ್ಲಿ ಏಳನೇ ತಿಂಗಳಲ್ಲಿ ಸಕ್ಕರೆ ಪರೀಕ್ಷೆಯನ್ನೇ ಯಾರೂ ಮಾಡಿರಲಿಲ್ಲ. ಇದ್ದಿದ್ದರೂ ಇದ್ದಿರಬಹುದು, ಯಾರಿಗೆ ಗೊತ್ತು. ದಿನ ಮೀರಿಯೂ ಹೋಗಿತ್ತು. ಇನ್ನು ನಮ್ಮವರ ಕಡೆ ಎಲ್ಲರೂ ಆರಡಿ ಆಳುಗಳು, ಅದಕ್ಕೆ ನೀನೇನು ಮಾಡುತ್ತೀಯ?

ಈ ಸಲ ಬಿಡದೆ ಹಿಂದೆ ಬಿದ್ದದ್ದು ನಮ್ಮೂರಿನ ಆಶಾ ಅಕ್ಕ. ತಾಯಿ ಕಾರ್ಡ್ ಮಾಡಿಸಿದ ದಿನವೇ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ, ರಕ್ತ ಕೊಡಿಸಿದಳು. 118. "ಆಯ್ತಲ್ಲ ಅಕ್ಕ" ಅಂದರೆ, "ಎಲ್ಲಾಯ್ತು, ಆರು ತಿಂಗಳು ತುಂಬಿದ ಮೇಲೆ ಇನ್ನೊಂದ್ ಸಲ" ಅಂದಳು. 26ನೇ ವಾರದಲ್ಲಿ ಕರೆದುಕೊಂಡು ಹೋದಾಗ 158. 140 ದಾಟಿದರೆ ಬಸುರಿನ ಸಕ್ಕರೆ ಅಂತಲೇ ಲೆಕ್ಕ. ಅಕ್ಕಾ, ನೀನು ಆವತ್ತು ಹೊಲದ ಬದುವಿನ ತನಕ ಬಂದು ಎಳೆದುಕೊಂಡು ಹೋಗದಿದ್ದರೆ ನಾನು ಮೊದಲನೇ ರಿಪೋರ್ಟನ್ನೇ ನಂಬಿ ಕೂತಿರುತ್ತಿದ್ದೆ.

ಅಲ್ಲಿಂದ ನನ್ನನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿಕ್ಕರು ನಮ್ಮ ಡಾಕ್ಟರಮ್ಮ. ಹೊರಗೆ ಅರವತ್ತು ಜನರ ಸಾಲು. ಇವರೂ ಎರಡು ನಿಮಿಷದಲ್ಲಿ ಸಾಗಹಾಕುತ್ತಾರೆ ಅಂದುಕೊಂಡೇ ಒಳಗೆ ಹೋದೆ. ಹಳೆಯದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಕೊನೆಗೆ, "ಏನೂ ಆಗಲ್ಲ ಅಂತ ಹೇಳ್ಬೇಡಿ ಮೇಡಂ. ಆದ್ರೆ ಏನ್ ಮಾಡ್ತೀರ, ಅದನ್ನ ಹೇಳಿ" ಅಂದುಬಿಟ್ಟೆ. ಎಲ್ಲಿಂದ ಬಂತೋ ಅಷ್ಟು ಧೈರ್ಯ. ಅವರು ಪೆನ್ ಕೆಳಗಿಟ್ಟರು. "ಸರಿಯಾದ ಪ್ರಶ್ನೆ. ಗುರುವಾರ ಮಧ್ಯಾಹ್ನ ಒಪಿಡಿ ಮುಗಿದ ಮೇಲೆ ಬಾ. ಹೆರಿಗೆಗೆ ಜೊತೆಗೆ ಯಾರಿರ್ತಾರೋ ಅವರನ್ನೂ ಕರ್ಕೊಂಡ್ ಬಾ" ಅಂದರು.

ಅತ್ತೆಯನ್ನು ಕರೆದುಕೊಂಡು ಹೋದೆ. (ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಯೊಳಗೆ ಮನೆಯ ಹೆಂಗಸೊಬ್ಬರು ಇರಬಹುದು ಅಂತ 2016ರಲ್ಲೇ ಕೇಂದ್ರ ಸರ್ಕಾರ ಹೇಳಿದೆಯಂತೆ. ನಮಗೆ ಗೊತ್ತಾದದ್ದು ಈಗ. ಗೊತ್ತಿಲ್ಲದವರು ಕೇಳಿ ನೋಡಿ.) ಮೇಡಂ ಬೀರುವಿನಿಂದ ಒಂದು ಪ್ಲಾಸ್ಟಿಕ್ ಸೊಂಟದ ಮೂಳೆ, ಒಂದು ಬಟ್ಟೆಯ ಗೊಂಬೆ ತೆಗೆದರು. ಗೊಂಬೆಯ ಒಂದು ಕಿವಿ ಹರಿದಿತ್ತು, ಹೊಲಿಗೆ ಹಾಕಿದ್ದರು. ಅದನ್ನು ಮೂಳೆಯೊಳಗೆ ತೂರಿಸಿ, ತಲೆ ಹೊರಗೆ ಬಂದ ಮೇಲೆ ಮುಂದಿನ ಭುಜ ಮುಂಭಾಗದ ಮೂಳೆಗೆ ಹೇಗೆ ತಗಲಿಕೊಳ್ಳುತ್ತೆ ಅಂತ ತೋರಿಸಿದರು. ಬಾಗಿಲಲ್ಲಿ ಮಂಚ ಸಿಕ್ಕಿಕೊಂಡ ಹಾಗೆ. ಎಳೆದರೆ ಬರಲ್ಲ, ಓರೆ ಮಾಡಬೇಕು.

"ನಿನ್ನ ಎರಡೂ ಮಂಡಿ ಎದೆಗೆ ತಾಗೋ ಹಾಗೆ ಮಡಚ್ತೀವಿ. ಆಗ ಸೊಂಟ ತಿರುಗಿ ಜಾಗ ಆಗುತ್ತೆ. ಒಬ್ಬರು ಇಲ್ಲಿ ಒತ್ತುತಾರೆ," ಅಂತ ಹೊಟ್ಟೆಯ ಕೆಳಗೆ, ಮೂಳೆಗಿಂತ ಒಂದಿಷ್ಟು ಮೇಲೆ ಬೆರಳಿಟ್ಟರು. "ಮೇಲಿಂದ ಅಲ್ಲ. ಮೇಲಿಂದ ಒತ್ತಿದ್ರೆ ಭುಜ ಇನ್ನೂ ಕಚ್ಚಿಕೊಳ್ಳುತ್ತೆ." ಆ ಮಾತು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಸ್ಟೂಲ್ ಹತ್ತಿ ನಿಂತವರ ಮುಖ ಕಣ್ಣಮುಂದೆ ಬಂತು. ನನ್ನ ಮುಕ್ಕಿದ್ದು ಸಾಲಲಿಲ್ಲ, ನನ್ನದೇ ಕೈಲಾಗದತನ ಅಂತ ಆರು ವರ್ಷ ಅಂದುಕೊಂಡಿದ್ದೆನಲ್ಲ. ಮೇಡಂ ಸುಮ್ಮನೆ ಕಾದರು. ಆಮೇಲೆ ಗೊಂಬೆ ಕೈಗೆ ಕೊಟ್ಟು, "ನೀನೇ ಹೊರಗೆ ತೆಗಿ ನೋಡೋಣ" ಅಂದರು. ತೆಗೆದೆ.

ಮಂಡಿ ಮಡಚುವ ಈ ಉಪಾಯಕ್ಕೆ ಅಮೆರಿಕದ ಹ್ಯೂಸ್ಟನ್ನಿನ ಮೆಕ್‌ರಾಬರ್ಟ್ಸ್ ಅನ್ನುವ ಡಾಕ್ಟರ ಹೆಸರಿದೆ. ಹೆಚ್ಚಿನವು ಇಷ್ಟಕ್ಕೇ, ಅಥವಾ ಇದರ ಜೊತೆಗಿನ ಒತ್ತುವಿಕೆಗೆ ಬಂದುಬಿಡುತ್ತವಂತೆ. ಬರದಿದ್ದರೆ ಕೈ ಒಳಗೆ ಹಾಕಿ ಮಗುವನ್ನು ತಿರುಗಿಸುವುದು, ಹಿಂದಿನ ತೋಳು ಮೊದಲು ತೆಗೆಯುವುದು, ತಾಯಿಯನ್ನು ಮಂಡಿ-ಅಂಗೈ ಊರಿಸಿ ಅಂಬೆಗಾಲಲ್ಲಿ ನಿಲ್ಲಿಸುವುದು. ಈ ಕೊನೆಯದನ್ನು ಅಮೆರಿಕದ ಒಬ್ಬ ಸೂಲಗಿತ್ತಿ ಗ್ವಾಟೆಮಾಲಾದ ಹಳ್ಳಿ ಸೂಲಗಿತ್ತಿಯರಿಂದ ಬಂದದ್ದು ಅಂತ ಕಲಿತು ದೇಶದೇಶಕ್ಕೆ ಹರಡಿದ್ದಂತೆ. ಅದನ್ನು ಕೇಳಿದ್ದೇ ತಡ, ಅಲ್ಲಿಯವರೆಗೂ ಮುಖ ಗಂಟು ಹಾಕಿಕೊಂಡಿದ್ದ ನಮ್ಮತ್ತೆ ಅರಳಿದರು. "ನೋಡಿದ್ಯಾ! ನಮ್ಮ ಜಿಲ್ಲೇಲೇ ಪಾವಗಡದ ನರಸಮ್ಮ ಇರ್ಲಿಲ್ವಾ? ಹದಿನೈದು ಸಾವಿರ ಹೆರಿಗೆ ಮಾಡ್ಸಿದ ತಾಯಿ!" 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ಅತ್ತೆ ಇವತ್ತಿಗೂ ಟ್ರಂಕಿನಲ್ಲಿ ಇಟ್ಟಿದ್ದಾರೆ. ಆವತ್ತಿನಿಂದ ಮೇಡಂ ಮೇಲೆ ಅವರಿಗೆ ನನಗಿಂತ ಹೆಚ್ಚು ಭಕ್ತಿ.

ಮೇಡಂ ಹೇಳಿದ್ದೆಲ್ಲ ಹಿತವಾಗಿರಲಿಲ್ಲ. ಒಟ್ಟಾರೆ ನೋಡಿದರೆ ಭುಜ ಸಿಕ್ಕಿಕೊಳ್ಳುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಜಾಸ್ತಿ. ಸಕ್ಕರೆ ಇದ್ದರೆ ಇನ್ನಷ್ಟು. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ, ಮಗು ತನ್ನದೇ ಇನ್ಸುಲಿನ್ ತಯಾರಿಸಿ ಅದನ್ನೆಲ್ಲ ಕೊಬ್ಬು ಮಾಡಿಕೊಳ್ಳುತ್ತೆ. ಆ ಕೊಬ್ಬು ಕೂರುವುದು ಹೆಚ್ಚಾಗಿ ಭುಜ, ಎದೆ, ಹೊಟ್ಟೆಯಲ್ಲಿ. ತಲೆ ಸಣ್ಣದು, ಭುಜ ದೊಡ್ಡದು. ಹಾಗಂತ ದೊಡ್ಡ ಮಗುವಿಗೆ ಮಾತ್ರ ಆಗುತ್ತೆ ಅಂತಲೂ ಅಲ್ಲ, ಭುಜ ಸಿಕ್ಕಿಕೊಂಡ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಾಲ್ಕು ಕೆಜಿಗಿಂತ ಕಡಿಮೆಯವೇ. ಸಿಸೇರಿಯನ್ ಬೇಕಾದರೂ ಮಾಡುತ್ತೇನೆ, ಅದೇನು ತಪ್ಪಲ್ಲ, ಯೋಚಿಸು ಅಂದರು. ಮುಚ್ಚುಮರೆ ಇಲ್ಲದ ಈ ಮಾತುಗಳಿಂದ ಹೆದರಿಕೆ ಹೆಚ್ಚಬೇಕಿತ್ತು. ಆ ರಾತ್ರಿ ಐದು ತಿಂಗಳಲ್ಲಿ ಮೊದಲ ಸಲ ಬೆಳಗಿನವರೆಗೂ ನಿದ್ದೆ ಮಾಡಿದೆ.

ಊಟದ ಕಥೆ ಉದ್ದ, ಚಿಕ್ಕದಾಗಿ ಹೇಳುತ್ತೇನೆ. ಅನ್ನ ಅರ್ಧ ಸೌಟಿಗೆ ಇಳಿಯಿತು, ಸೊಪ್ಪು, ಹೆಸರುಕಾಳು, ಮೊಟ್ಟೆ ಹೆಚ್ಚಿತು. ಮುದ್ದೆ ಒಳ್ಳೆಯದು ಅಂತ ಎರಡೆರಡು ನುಂಗುತ್ತಿದ್ದೆ, ಅದಕ್ಕೂ ಕಡಿವಾಣ ಬಿತ್ತು. ಅಂಗನವಾಡಿ ಟೀಚರ್ ಮಾತೃಪೂರ್ಣದ ಊಟದಲ್ಲಿ ನನ್ನ ತಟ್ಟೆಗೆ ಅನ್ನ ಕಡಿಮೆ, ಪಲ್ಯ ಜಾಸ್ತಿ ಹಾಕಿ, ಚಿಕ್ಕಿಯನ್ನು ಕಣ್ಣಿಗೇ ಬೀಳದ ಹಾಗೆ ಡಬ್ಬಿ ಮುಚ್ಚುತ್ತಿದ್ದರು. ಥ್ಯಾಂಕ್ಸ್ ಟೀಚರ್, ಆಗ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಎರಡು ವಾರ ಪಥ್ಯ ಮಾಡಿದರೂ ಊಟದ ನಂತರದ ಸಕ್ಕರೆ 120ರ ಒಳಗೆ ಬರಲಿಲ್ಲ, ಇನ್ಸುಲಿನ್ ಶುರುವಾಯಿತು. ಚುಚ್ಚಲು ನನ್ನ ಕೈ ನಡುಗುತ್ತೆ ಅಂತ ನಮ್ಮೆಜಮಾನರು ಕಲಿತರು. ಕೊಬ್ಬರಿ ವ್ಯಾಪಾರದ ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ ನನ್ನ ಸಕ್ಕರೆಯ ಲೆಕ್ಕ. ಒಮ್ಮೆ ಮೇಡಂ ಪುಟ ತಿರುಗಿಸಿ, "ಇದೇನ್ರೀ, 17,500?" ಅಂತ ಬೆಚ್ಚಿದರು. ಅದು ಕ್ವಿಂಟಾಲ್ ರೇಟು.

37ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ತೂಕ 3.8 ಅಂತ ಬಂತು. ನನಗೆ ಕೈಕಾಲು ತಣ್ಣಗಾಯಿತು. ಮೇಡಂ ಹೇಳಿದರು, "ಇದು ತಕ್ಕಡೀಲಿ ತೂಗಿದ್ದಲ್ಲ. ತಲೆ, ಹೊಟ್ಟೆಯ ಸುತ್ತಳತೆ, ತೊಡೆ ಮೂಳೆಯ ಉದ್ದ, ಇವುಗಳಿಂದ ಹಾಕಿದ ಲೆಕ್ಕ. ನೂರಕ್ಕೆ ಹತ್ತು ಆಚೀಚೆ ಅಂದ್ರೂ ಮೂರೂವರೆಗಿಂತ ಕಮ್ಮಿಯೂ ಇರಬಹುದು, ನಾಲ್ಕರ ಮೇಲೂ ಇರಬಹುದು." ಆಮೇಲೆ ಇಬ್ಬರೂ ಕೂತು ಮಾತಾಡಿದೆವು. ಪ್ರಯತ್ನ ಮಾಡೋಣ, ದಿನ ಮೀರಲು ಬಿಡುವುದು ಬೇಡ, ತಲೆ ಸಲೀಸಾಗಿ ಇಳಿಯದಿದ್ದರೆ ಎಳೆಯುವ ಮಾತೇ ಇಲ್ಲ, ಸೀದಾ ಆಪರೇಷನ್, ಮಕ್ಕಳ ಡಾಕ್ಟರು ಕೋಣೆಯಲ್ಲೇ ಇರಬೇಕು. ಇಷ್ಟನ್ನೂ ಮೇಡಂ ಕೇಸ್ ಶೀಟಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದರು. ನಾನು ಸಿಸೇರಿಯನ್ ಅಂದಿದ್ದರೂ ಇದೇ ಕೃತಜ್ಞತೆ ಇರುತ್ತಿತ್ತು. ಅದನ್ನು ಆರಿಸಿಕೊಂಡವರಿಗೆ "ಸ್ವಲ್ಪ ತಡ್ಕೋಬಾರದಿತ್ತಾ" ಅನ್ನುವವರನ್ನು ಕಂಡರೆ ನನಗೆ ಈಗ ಮೈಯುರಿಯುತ್ತೆ.

ಅಷ್ಟರಲ್ಲಿ ಮನೆಯಲ್ಲಿ ತಾಲೀಮು ನಡೆದಿತ್ತು. ಚಾಪೆಯ ಮೇಲೆ ನಾನು ಮಲಗುವುದು, ಅತ್ತೆ "ಮಂಡಿ ಎದೆಗೆ!" ಅನ್ನುವುದು, ದೊಡ್ಡವನು ಪಕ್ಕದಲ್ಲಿ ಮಲಗಿ ತಾನೂ ಮಂಡಿ ಮಡಚುವುದು.

38 ವಾರ ಮುಗಿದ ಮೇಲೆ ನೋವು ಬರಲು ಔಷಧಿ ಇಟ್ಟರು. ಬೆಳಗಿನ ಜಾವ ನಾಲ್ಕು ನಲವತ್ತಕ್ಕೆ ತಲೆ ಬಂತು, ಬಂದದ್ದು ಆಮೆ ಕತ್ತನ್ನು ಒಳಗೆಳೆದುಕೊಂಡ ಹಾಗೆ ಹಿಂದಕ್ಕೆ ಸರಿಯಿತು. ಮೇಡಂ ಗಟ್ಟಿಯಾಗಿ ಹೇಳಿದರು, "ಭುಜ ಸಿಕ್ಕಿದೆ. ಟೈಮ್ ನೋಡಿ. ನೀನು ಮುಕ್ಕಬೇಡ." ಕೂಗಾಟ ಇಲ್ಲ. ಅತ್ತೆ ನನ್ನ ತಲೆಯ ಹತ್ತಿರ ಬಗ್ಗಿ, "ಮಂಡಿ ಎದೆಗೆ" ಅಂದರು, ಚಾಪೆಯ ಮೇಲೆ ಹೇಳುತ್ತಿದ್ದ ಹಾಗೇ. ಇಬ್ಬರು ಸಿಸ್ಟರ್‌ಗಳು ಆಗಲೇ ಕಾಲು ಹಿಡಿದಿದ್ದರು. ಇನ್ನೊಬ್ಬರ ಅಂಗೈ ಸರಿಯಾಗಿ ಮೇಡಂ ಅಂದು ಬೆರಳಿಟ್ಟ ಜಾಗಕ್ಕೆ ಬಂತು. ನಾಲ್ಕನೆಯವರು ಗಡಿಯಾರ ನೋಡುತ್ತಾ ಎಣಿಸುತ್ತಿದ್ದರು: "ಮೂವತ್ತು ಸೆಕೆಂಡ್ ಮೇಡಂ." ಏನು ನಡೆಯುತ್ತಿದೆ ಅಂತ ನನಗೆ ಗೊತ್ತಿತ್ತು. ಮುಂದಿನದು ಯಾವುದು ಅಂತಲೂ ಗೊತ್ತಿತ್ತು. "ನಲವತ್ತು." "ಈಗ ಮುಕ್ಕಮ್ಮ, ಮೆಲ್ಲಗೆ." ಐವತ್ತು ಅನ್ನುವುದರೊಳಗೆ ಮಗಳು ಬಂದಳು.

ಅತ್ತಳು. ನಾನು ಕೇಳಿದ್ದು ಹೆಣ್ಣೋ ಗಂಡೋ ಅಂತಲ್ಲ, "ಕೈ?" ಅಂತ. ಮಕ್ಕಳ ಡಾಕ್ಟರು ಅವಳನ್ನು ಒಂದಿಷ್ಟು ಎತ್ತಿ ಹಿಡಿದು ಬಟ್ಟೆಯ ಮೇಲೆ ಮೆಲ್ಲಗೆ ಇಳಿಸಿದರು. ಬೆಚ್ಚಿದ ಹಾಗೆ ಎರಡೂ ಕೈ ಅಗಲಿಸಿ ಎತ್ತಿದಳು. "ನೋಡಮ್ಮ, ಎರಡೂ" ಅಂದರು.

ಹಿಮ್ಮಡಿ ಚುಚ್ಚಿ ಎರಡು ದಿನ ಅವಳ ಸಕ್ಕರೆ ನೋಡಿದರು, ಇಳಿಯಲಿಲ್ಲ. ಮೂರನೇ ದಿನ ನಗು-ಮಗು ಗಾಡಿಯಲ್ಲಿ ಮನೆಗೆ ಬಿಟ್ಟರು. ಆ ಡ್ರೈವರ್ ಅಣ್ಣ ನಮ್ಮೂರಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ತಪ್ಪಿಸಿ, ಎತ್ತಿನಗಾಡಿಗಿಂತ ನಿಧಾನವಾಗಿ ಓಡಿಸಿದ್ದಕ್ಕೆ ನನ್ನ ಹೊಲಿಗೆಗಳೆಲ್ಲ ಸೇರಿ ನಮಸ್ಕಾರ ಹೇಳುತ್ತಿವೆ.

ತಿಂಗಳಾದ ಮೇಲೆ ನಮ್ಮೆಜಮಾನರು ಒಂದು ಚೀಲ ತೆಂಗಿನಕಾಯಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದರು. ಮೇಡಂ ಮುಟ್ಟಲಿಲ್ಲ. ಸಿಸ್ಟರ್‌ಗಳು ಚಟ್ನಿಗೆ ಅಂತ ಎರಡು ಇಟ್ಟುಕೊಂಡರಂತೆ. ಗಡಿಯಾರ ನೋಡಿ ಎಣಿಸಿದ ಸಿಸ್ಟರ್ ಯಾರು ಅಂತ ಮಾತ್ರ ಗೊತ್ತಾಗಲಿಲ್ಲ, ಮಾಸ್ಕ್ ಹಾಕಿದ್ದರು. ದನಿ ಕೇಳಿದರೆ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ತಾಯೀ, ಆ ಎರಡು ಕಾಯಿಯಲ್ಲಿ ಒಂದಾದರೂ ನಿಮಗೆ ಸಿಕ್ಕಿರಲಿ.

ಹೆರಿಗೆಯಾಗಿ ಆರು ವಾರಕ್ಕೆ ನನಗೆ ಮತ್ತೆ ಸಕ್ಕರೆ ಪರೀಕ್ಷೆ ಆಗಬೇಕಿತ್ತು, ಬಾಣಂತನದ ನೆಪದಲ್ಲಿ ತಪ್ಪಿಸಿಕೊಂಡಿದ್ದೆ. ತೊಟ್ಟಿಲ ದಿನ ಹೋಳಿಗೆ ತಿನ್ನುತ್ತಿದ್ದವಳನ್ನು ಆಶಾ ಅಕ್ಕ ಹಿಡಿದುಬಿಟ್ಟಳು. ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಇರಬೇಕಂತೆ.