ಹಾಲು ಕರೆಯುವ ಹೊತ್ತು

ಬ್ರಾಡ್‌ಫರ್ಡ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಚಳಿಯ ಬಗ್ಗೆ ಬರೆಯುವುದಿಲ್ಲ, ದಿನವೂ ಫೋನಿನಲ್ಲಿ ಅದನ್ನೇ ಗೊಣಗುತ್ತೇನಲ್ಲ. ಆದರೆ ಅಪ್ಪ ಸ್ಪೀಕರ್ ಹಾಕಿಬಿಡುತ್ತಾರೆ, ಅಜ್ಜಿ ಪಕ್ಕದಲ್ಲೇ ಇರುತ್ತಾಳೆ. ಅವಳ ವಿಷಯವನ್ನು ಅವಳೆದುರೇ ಹೇಗೆ ಹೇಳಲಿ? ಅದಕ್ಕೇ ಈ ಕಾಗದ.

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ತರಬೇತಿ ಮುಗಿಯಿತು. ಅವರ ಕಷ್ಟ ನಮಗೂ ತಿಳಿಯಲೆಂದು ಒಂದು ದಿನ ಮಸುಕು ಕನ್ನಡಕ, ದಪ್ಪ ಕೈಗವಸು ಹಾಕಿಸಿ, ಕಿವಿಯಲ್ಲಿ ಗಲಾಟೆಯ ಸದ್ದು ತುಂಬಿ, ಅಂಗಿಯ ಗುಂಡಿ ಹಾಕಿ ಎಂದರು. ಎರಡನೆಯ ಗುಂಡಿಗೇ ನನಗೆ ಅಳು ಬಂತು.

ಟಾಮ್ ಕಿಟ್‌ವುಡ್ ಎಂಬ ಮನಶ್ಶಾಸ್ತ್ರಜ್ಞರು ಇದೇ ಊರಿನ ವಿಶ್ವವಿದ್ಯಾಲಯದಲ್ಲಿದ್ದವರು. ಡಿಮೆನ್ಷಿಯಾ ಅಧ್ಯಯನಕ್ಕೆಂದು 1992ರಲ್ಲಿ ಇಲ್ಲೊಂದು ತಂಡ ಕಟ್ಟಿದರು. ಕಾಯಿಲೆಯವರ ಮನಸ್ಸನ್ನು ಕುಗ್ಗಿಸುವ ನಮ್ಮ ನಡವಳಿಕೆಗಳನ್ನು ಅವರು ಪಟ್ಟಿ ಮಾಡಿದ್ದಾರೆ, ಒಟ್ಟು 17. ಮಗುವಿನಂತೆ ಮಾತನಾಡಿಸುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಹರಟುವುದು, ಅವಸರಿಸುವುದು, ಗೇಲಿ ಮಾಡುವುದು. ಹೆಚ್ಚಿನವರು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ ಎಂದೂ ಹೇಳಿದ್ದಾರೆ. ಓದುತ್ತಾ ಹೋದಂತೆ ನಮ್ಮ ಮನೆಯ ಜಗಲಿಯೇ ಕಣ್ಣೆದುರು ಬಂತು. ಬಂದವರೆಲ್ಲ ಅಜ್ಜಿಯ ಮುಂದೆ ಬಗ್ಗಿ, "ನಾನು ಯಾರು, ಹೇಳಿ ನೋಡೋಣ" ಎನ್ನುತ್ತಾರಲ್ಲ! ಕಳೆದ ಸಲ ನಾನೂ ಕೇಳಿದೆ. "ನಮ್ಮವಳೇ ಅಲ್ಲವೇ" ಎಂದು ನಕ್ಕು ಸೆರಗು ಸರಿಮಾಡಿಕೊಂಡಳು. ಜಾಣೆ. ಆದರೆ ಆಮೇಲೆ ಬಹಳ ಹೊತ್ತು ಯಾರೊಂದಿಗೂ ಮಾತನಾಡಲಿಲ್ಲ, ನೆನಪಿದೆಯೇ?

ಇಲ್ಲಿ ನಾನು ಹೋಗುವ ಒಂದು ಮನೆಯ ಅಜ್ಜಿ ಹಿಂದೆ ಉಣ್ಣೆ ಮಿಲ್ಲಿನಲ್ಲಿದ್ದವರು. ಕತ್ತಲಾಗುತ್ತಿದ್ದಂತೆ ಕೋಟು ಹುಡುಕುತ್ತಾರೆ, ಪಾಳಿಗೆ ಹೊತ್ತಾಯಿತು ಎನ್ನುತ್ತಾರೆ. ಮೊದಲ ದಿನ ನಾನು, ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು ಎಂದುಬಿಟ್ಟೆ. ಅವರ ಮುಖ ನೋಡಲಾಗಲಿಲ್ಲ. ಮರುದಿನ ನನ್ನ ಜೊತೆ ಬಂದ ಹಿರಿಯ ಸಹೋದ್ಯೋಗಿ ಪಕ್ಕದಲ್ಲಿ ಕುಳಿತು, ನಿಮ್ಮ ಕೆಲಸ ಹೇಗಿರುತ್ತದೆ ಎಂದಷ್ಟೇ ಕೇಳಿದರು. ಅಜ್ಜಿ ಮೇಜಿನ ಬಟ್ಟೆಯ ಮೇಲೆ ಬೆರಳಾಡಿಸಿದರು. ನೇಯ್ದ ಬಟ್ಟೆಯಲ್ಲಿ ಗಂಟು ಹುಡುಕಿ ತೆಗೆಯುವುದು, ಎಳೆ ತಪ್ಪಿದ್ದಲ್ಲಿ ಸೂಜಿಯಿಂದ ಸೇರಿಸುವುದು ಅವರ ಕೆಲಸವಾಗಿತ್ತು. ಕಣ್ಣಿಗಿಂತ ಬೆರಳಿಗೇ ಮೊದಲು ಗೊತ್ತಾಗುತ್ತದಂತೆ. ಕೋಟಿನ ಮಾತು ಮತ್ತೆ ಬರಲಿಲ್ಲ.

ನಮ್ಮ ಅಜ್ಜಿ ಐದು ಗಂಟೆಗೆ ಚೊಂಬು ಹಿಡಿದು ಕೊಟ್ಟಿಗೆಗೆ ಹೊರಡುತ್ತಾಳೆ, ನಾವು "ಗೌರಿಯನ್ನು ಮಾರಿ ಹತ್ತು ವರ್ಷವಾಯಿತು" ಎಂದು ಕೂಗುತ್ತೇವೆ. ಪಾಪ, ದಿನವೂ ಹೊಸದಾಗಿ ಹಸು ಕಳೆದುಕೊಳ್ಳುತ್ತಾಳೆ. ಇನ್ನು ಮೇಲೆ "ಗೌರಿ ಒದೆಯುವುದಿಲ್ಲವೇ" ಎಂದು ಕೇಳು, ಅವಳ ಜೊತೆ ಅಂಗಳದಲ್ಲಿ ಒಂದು ಸುತ್ತು ಹಾಕು. ಅರ್ಧ ಗಂಟೆ ಇದ್ದು ಹೊರಟುಬಿಡುವ ನಾನು ಹಗಲೂ ರಾತ್ರಿ ನೋಡಿಕೊಳ್ಳುವ ನಿನಗೆ ಪಾಠ ಹೇಳುತ್ತಿದ್ದೇನೆ, ಬೈದುಕೊಳ್ಳಬೇಡ. ಹೊಸದಾಗಿ ಕೆಲಸಕ್ಕೆ ಬರುವ ಅಕ್ಕನಿಗೂ ಇದನ್ನು ಓದಿ ಹೇಳು. ಒಳಗೆ ಬಂದ ಕೂಡಲೇ ಅವರೇ ತಮ್ಮ ಹೆಸರು ಹೇಳಲಿ, ಒಂದು ಸಲಕ್ಕೆ ಒಂದೇ ಮಾತು ಹೇಳಲಿ, ಉತ್ತರಕ್ಕೆ ಕಾಯಲಿ.

ಇನ್ನೊಂದು. ಅಜ್ಜಿ ಬಚ್ಚಲಿಗೆ ಹೋಗುವುದಿಲ್ಲವೆಂದು ಹಠ ಮಾಡುತ್ತಾಳೆ ಎಂದೆಯಲ್ಲ, ಅದು ಹಠವಲ್ಲದೆಯೂ ಇರಬಹುದು. ಬಾಗಿಲಲ್ಲಿರುವ ಕಪ್ಪು ಕಾಲೊರಸು ಇಂಥವರ ಕಣ್ಣಿಗೆ ಹಳ್ಳದಂತೆ ಕಾಣುವುದುಂಟು. ತೆಗೆದು ನೋಡು. ಮತ್ತೆ, ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಾದರೆ ಮರೆವು ಜಾಸ್ತಿಯಾಯಿತು ಎಂದು ಸುಮ್ಮನಿರಬೇಡಿ. ಮೂತ್ರದ ಸೋಂಕಿನಿಂದಲೂ, ನೀರು ಸಾಲದೆಯೂ ಹಾಗಾಗುತ್ತದೆ. ಅಂದೇ ಡಾಕ್ಟರಿಗೆ ತೋರಿಸಿ.

ಬುಧವಾರ ಫೋನ್ ಮಾಡುತ್ತೇನೆ. ಅಜ್ಜಿಗೆ ಕೊಡುವಾಗ "ಯಾರು ಹೇಳು" ಎನ್ನಬೇಡಿ, ನನ್ನ ಹೆಸರು ನಾನೇ ಹೇಳಿಕೊಳ್ಳುತ್ತೇನೆ.

ಇಂತಿ ನಿನ್ನ ಮಗಳು