ಡಿಕಾಕ್ಷನ್ ಇಟ್ಟುಕೋ, ಕಾಫಿ ಬೆರೆಸಿಡಬೇಡ

ದಾವಣಗೆರೆ

ದೋಸ್ತ,

ಮೊನ್ನೆ ಜಯದೇವ ಸರ್ಕಲ್ ಹತ್ತಿರ ನಿನ್ನ ಕೈಯಲ್ಲಿ ಕಾಫಿ, ನನ್ನ ಕೈಯಲ್ಲಿ ಚಹಾ ಇದ್ದಾಗ ಶುರುವಾದ ಮಾತು, ನಿನ್ನ ಬಸ್ಸಿಗೆ ಹೊತ್ತಾಯ್ತು ಅಂತ ಅರ್ಧಕ್ಕೇ ನಿಂತಿತು. ‘ಟೊಯೊಟಾದವರ ಕಾರ್ಖಾನೆಗಳೇ ನಿಂತುಹೋಗಿದ್ದವಂತೆ, ಚಿಪ್ ಸಿಗದೆ ಕಾರಿನವರೆಲ್ಲ ಒದ್ದಾಡಿದರಂತೆ, ಲೀನ್ ಗೀನ್ ಅಂತ ಸರಕು ಕಮ್ಮಿ ಇಟ್ಟು ದಂಡ ತಪ್ಪಿಸೋ ಪದ್ಧತಿ ಎಲ್ಲ ಮುಗೀತು, ಸರಕು ತುಂಬಿಟ್ಟುಕೊಂಡವನೇ ಜಾಣ’ ಅಂದೆ. ಆ ಮಾತನ್ನು ಹಾಗೇ ಚಿತ್ರದುರ್ಗಕ್ಕೆ ಒಯ್ದು ನಿನ್ನ ಯೂನಿಫಾರ್ಮ್ ಶೆಡ್ಡಿಗೆ ಹಚ್ಚಿದರೆ ಜೂನ್ ಹೊತ್ತಿಗೆ ಕುತ್ತಿಗೆಗೆ ಬರುತ್ತೆ. ಅದಕ್ಕೇ ಈ ಉದ್ದನೆಯ ಕಾಗದ.

ಮೊದಲು ಆ ಸುದ್ದಿಗಳನ್ನೇ ನೋಡು. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾದ 14 ಕಾರ್ಖಾನೆಗಳು ನಿಂತದ್ದು ನಿಜ. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ನಲ್ಲಿ ಎರಡು ದಿನ ಮುಂಚೆ ನಿರ್ವಹಣೆ ಕೆಲಸ ನಡೆದಾಗ ಡಿಸ್ಕ್‌ನ ಜಾಗ ತುಂಬಿಹೋಯಿತು. ಬದಲಿ ಸರ್ವರ್ ಕೂಡ ಅದೇ ವ್ಯವಸ್ಥೆಯದು, ಅದೂ ಕೈಕೊಟ್ಟಿತು. ಮಾರನೇ ದಿನ ಕೆಲಸ ಮತ್ತೆ ಶುರು. ಸರಕು ಇದ್ದಿದ್ದರೆ ಆ ಒಂದು ದಿನ ತಳ್ಳಬಹುದಿತ್ತಲ್ಲ ಅಂತೀಯ. ತಳ್ಳಬಹುದಿತ್ತು. ಆದರೆ ಒಂದು ದಿನದ ಅಡಚಣೆಗೆ ಅಂತ 365 ದಿನ ಗೋದಾಮು ಹೊರೋದು ಲಾಭವೋ, ಡಿಸ್ಕ್ ತುಂಬುವ ಮುಂಚೆ ಎಚ್ಚರಿಸೋ ಗಂಟೆ ಒಂದನ್ನು ಕಟ್ಟೋದು ಲಾಭವೋ, ನೀನೇ ಹೇಳು.

ಚಿಪ್ಪಿನ ಕಥೆ ಇನ್ನೂ ಸ್ವಾರಸ್ಯ. 2011ರ ಭೂಕಂಪ, ಸುನಾಮಿ ಆದಮೇಲೆ ಟೊಯೊಟಾ ತನ್ನ ಸರಬರಾಜುದಾರರಿಗೆ ಎರಡರಿಂದ ಆರು ತಿಂಗಳಿಗಾಗುವಷ್ಟು ಚಿಪ್ ಇಟ್ಟುಕೊಳ್ಳಿ ಅಂತ ಹೇಳಿತ್ತು. ‘ಬೇಕಾದಾಗ ಬೇಕಾದಷ್ಟೇ’ ಅನ್ನೋ ಪದ್ಧತಿಯನ್ನು ಜಗತ್ತಿಗೆ ಕಲಿಸಿದ ಕಂಪನಿಯೇ! ಅದರಿಂದಲೇ 2021ರ ಶುರುವಿನಲ್ಲಿ ಉಳಿದವರು ಒದ್ದಾಡುವಾಗ ಅದು ಓಡುತ್ತಿತ್ತು. ಆ ಸರಕೂ ಅಕ್ಷಯಪಾತ್ರೆಯಲ್ಲ, ಅದೇ ಸೆಪ್ಟೆಂಬರ್‌ನಲ್ಲಿ ಅದೂ ಉತ್ಪಾದನೆಯನ್ನು ಶೇ. 40ರಷ್ಟು ಇಳಿಸಬೇಕಾಯಿತು. ಇಲ್ಲಿ ಗಮನಿಸಬೇಕಾದ್ದು ಅವರು ಏನನ್ನು ಇಟ್ಟುಕೊಂಡರು ಅನ್ನೋದು. ತಯಾರಿಗೆ ತಿಂಗಳುಗಟ್ಟಲೆ ಹಿಡಿಯೋ ಚಿಪ್ ಇಟ್ಟುಕೊಂಡರು. ಸೀಟು, ಬಂಪರ್ ಇಟ್ಟುಕೊಂಡು ಕೂರಲಿಲ್ಲ.

ನಿನ್ನ ಕಾಫಿಯನ್ನೇ ತಗೋ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹುಯ್ದರೆ ಡಿಕಾಕ್ಷನ್ ಇಳಿಯೋಕೆ ಅರ್ಧ ಗಂಟೆ ಅಂತಿಟ್ಟುಕೋ. ಗಿರಾಕಿ ಅಷ್ಟು ಹೊತ್ತು ನಿಲ್ಲಲ್ಲ. ಅದಕ್ಕೇ ಹೋಟೆಲಿನವನು ಡಿಕಾಕ್ಷನ್ ಇಳಿಸಿಟ್ಟಿರುತ್ತಾನೆ, ಹಾಲು ಕಾಯ್ತಾ ಇರುತ್ತೆ. ನೀನು ಕೇಳಿದ ಮೇಲೆ ಬೆರೆಸುತ್ತಾನೆ: ಸ್ಟ್ರಾಂಗೋ ಲೈಟೋ, ಸಕ್ಕರೆ ಕಮ್ಮಿಯೋ, ಬೈಟುವೋ. ಬೆರೆಸೋಕೆ ಅರ್ಧ ನಿಮಿಷ ಸಾಕು. 40 ಲೋಟ ಮೊದಲೇ ಬೆರೆಸಿಟ್ಟರೆ ಆರಿ, ಕೆನೆ ಕಟ್ಟಿ, ಸಕ್ಕರೆ ಬೇಡ ಅಂದವನಿಗೆ ಸಕ್ಕರೆಯದ್ದೇ ಉಳಿದಿರುತ್ತೆ. ಹೊತ್ತು ಹಿಡಿಯೋದನ್ನ, ಯಾವ ಗಿರಾಕಿಗೂ ಸಲ್ಲೋದನ್ನ ಇಟ್ಟುಕೋ. ಒಬ್ಬನಿಗೆ ಮಾತ್ರ ಸಲ್ಲೋದನ್ನ ಕೇಳಿದ ಮೇಲೆ ಮಾಡು. ನನ್ನ ಚಹಾದ್ದು ಬೇರೆ ಲೆಕ್ಕ, ಅದು ಐದು ನಿಮಿಷದಲ್ಲಿ ಆಗುತ್ತೆ. ಹಾಗಾಗಿ ಸಣ್ಣ ಪಾತ್ರೆಯಲ್ಲಿ ಆರೆಂಟು ಲೋಟದಂತೆ ಮತ್ತೆ ಮತ್ತೆ ಕುದಿಸೋದೇ ಸರಿ. ದೊಡ್ಡ ಪಾತ್ರೆಯಲ್ಲಿ ಒಮ್ಮೆಲೇ ಮಾಡಿಟ್ಟು ಉರಿ ಮೇಲೇ ಬಿಟ್ಟರೆ ಒಗರಾಗಿ ಕುಡಿಯೋಕಾಗಲ್ಲ.

ಎಷ್ಟು ಡಿಕಾಕ್ಷನ್? ಅದಕ್ಕೂ ಲೆಕ್ಕ ಇದೆ. ಗಂಟೆಗೆ 40 ಕಾಫಿ, ಲೋಟಕ್ಕೆ 25 ಎಂ.ಎಲ್. ಅರ್ಧ ಗಂಟೆಯಲ್ಲಿ 20 ಲೋಟ, ಅಂದರೆ 500 ಎಂ.ಎಲ್. ರಶ್ ಬಂದರೆ ಇರಲಿ ಅಂತ ಅದರ ಅರ್ಧ, 250. ಪಾತ್ರೆಯಲ್ಲಿ 750ಕ್ಕೆ ಒಂದು ಗೀಟು ಎಳಿ. ಡಿಕಾಕ್ಷನ್ ಗೀಟಿಗಿಳಿದ ಕೂಡಲೇ ಮುಂದಿನ ಫಿಲ್ಟರ್ ಇಡೋದು. ಆ ಗೀಟೇ ಕಾನ್‌ಬಾನ್, ಅಂದರೆ ‘ಇನ್ನು ಮುಂದಿನದು ಮಾಡು’ ಅನ್ನೋ ಗುರುತು. ಜಪಾನಿ ಹೆಸರು ಕೇಳಿ ಸಾವಿರಾರು ರೂಪಾಯಿಯ ಬೋರ್ಡು ಮಾಡಿಸಬೇಡ.

ಬೀಜದ ಬೆಲೆ ಏರಿದಾಗಲೂ ಇದೇ ಮಾತು. 2024ರ ಡಿಸೆಂಬರ್‌ನಲ್ಲಿ ಅರೇಬಿಕಾ 1977ರ ದಾಖಲೆ ಮುರಿಯಿತು, 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಆಗ ಹೆದರಿ ಪುಡಿ ತುಂಬಿಟ್ಟವನು ಕೆಟ್ಟ, ಪುಡಿಯ ಘಮ ಕೆಲವೇ ವಾರಕ್ಕೆ ಹಾರಿಹೋಗುತ್ತೆ. ಹಸಿ ಬೀಜ ತಿಂಗಳುಗಟ್ಟಲೆ ತಡೆಯುತ್ತೆ.

ಈಗ ನಿನ್ನ ಶೆಡ್ಡು. ನಿನಗೆ ಡಿಕಾಕ್ಷನ್ ಅಂದರೆ ಬಿಳಿ ಶರ್ಟಿನ ಥಾನು. ಕತ್ತರಿಸದ ಬಿಳಿ ಬಟ್ಟೆ ಯಾವ ಶಾಲೆಗೂ ಸಲ್ಲುತ್ತೆ, ಯಾವ ಅಳತೆಗೂ ಸಲ್ಲುತ್ತೆ. 28ರ ಅಳತೆಗೆ ಕತ್ತರಿಸಿ, ಒಂದು ಶಾಲೆಯ ಮೊನೋಗ್ರಾಮ್ ಹಾಕಿದೆಯೋ, ಅದು ಬೆರೆಸಿದ ಕಾಫಿ. ಈಗಿನಂತೆ ದಿನಕ್ಕೆ 100 ಶರ್ಟು, ಸರಾಸರಿ 1.2 ಮೀಟರ್ ಅಂದರೆ 120 ಮೀಟರ್. ಬಟ್ಟೆ ಬರೋಕೆ 10 ದಿನ ಆದರೆ 1200, ತಡವಾದರೆ ಅಂತ ಇನ್ನೊಂದು 600. ಥಾನು 1800 ಮೀಟರಿಗೆ ಇಳಿದ ದಿನ ಆರ್ಡರ್ ಹಾಕು. ಮುಂಚೆಯೂ ಬೇಡ, ಆಮೇಲೂ ಬೇಡ. ಬಣ್ಣದ ಚೆಕ್ಸ್ ಬಟ್ಟೆ ಒಂದೇ ಶಾಲೆಯದು, ಅದನ್ನು ಶಾಲೆಯ ಮುಂಗಡ ಬರದೆ ತರಿಸಬೇಡ.

ನಿಜವಾದ ತಲೆನೋವು ಇರೋದು ಹೊಲಿಗೆ ಸಾಲಿನಲ್ಲಿ. ದಿನಕ್ಕೆ 450 ನಿಮಿಷ ಕೆಲಸ, 150 ಶರ್ಟು ಬೇಕು ಅಂದರೆ ಮೂರು ನಿಮಿಷಕ್ಕೊಂದು ಶರ್ಟು ಹೊರಬೀಳಬೇಕು. ನಿನ್ನ ಎಂಟು ಜಾಗಗಳಲ್ಲಿ ಕಾಲರು, ಕಫು, ತೋಳು, ಪಕ್ಕದ ಹೊಲಿಗೆ ಎಲ್ಲ ಎರಡೂಮುಕ್ಕಾಲು ನಿಮಿಷದ ಆಸುಪಾಸು. ಕಾಜಾ ಮತ್ತು ಗುಂಡಿ ಎರಡೂ ಒಬ್ಬರ ಕೈಯಲ್ಲೇ ಇದ್ದು, ಗುರುತು ಹಾಕೋದೂ ಸೇರಿದರೆ ನಾಲ್ಕೂವರೆ. 450ನ್ನು ನಾಲ್ಕೂವರೆಯಿಂದ ಭಾಗಿಸು, 100. ಹಿಂದಿನವರು ಎಷ್ಟೇ ಚುರುಕಾಗಿ ತುಳಿದರೂ ಹೊರಗೆ ಬೀಳೋದು ನೂರೇ. ಮೇಲಿನ 50 ದಿನಾ ಕಾಜಾ ಮೇಜಿನ ಪಕ್ಕ ಗುಡ್ಡೆ, ಹತ್ತು ದಿನಕ್ಕೆ 500. ಭದ್ರಾ ನಾಲೆ ನೋಡಿದವನಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಡುವೆ ಹೂಳು ಕಟ್ಟಿದ್ದರೆ ಮೇಲೆ ಗೇಟು ಎಷ್ಟು ಎತ್ತಿದರೂ ಕೊನೆಭಾಗದವನ ಗದ್ದೆ ಒಣಗೋದು ತಪ್ಪಲ್ಲ.

ಒಂದು ಶನಿವಾರ ಸಂಜೆ ಶೆಡ್ಡಿನಲ್ಲಿ ಅರ್ಧಂಬರ್ಧ ಆದ ಶರ್ಟುಗಳನ್ನೆಲ್ಲ ಎಣಿಸು. 1200 ಇದ್ದು ದಿನಕ್ಕೆ 100 ಹೊರಗೆ ಹೋಗ್ತಿದ್ದರೆ, ಇವತ್ತು ಕತ್ತರಿಸಿದ್ದು ಹೊರಬೀಳೋದು 12 ದಿನಕ್ಕೆ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇಷ್ಟೇ: ಒಳಗಿರೋದನ್ನ ಹೊರಹೋಗೋ ವೇಗದಿಂದ ಭಾಗಿಸು, ಕಾಯೋ ಕಾಲ ಸಿಗುತ್ತೆ. ಒಂದು ಶರ್ಟಿಗೆ ಸೂಜಿ ಕೆಳಗಿನ ಕೆಲಸ ಒಟ್ಟು 24 ನಿಮಿಷ. ಮಿಕ್ಕಿದ್ದೆಲ್ಲ ಬುಟ್ಟಿಯಲ್ಲಿ ಮಲಗಿರೋ ಹೊತ್ತು. ಜಪಾನಿಯರು ಇಂಥ ದಂಡಕ್ಕೆ ‘ಮುದಾ’ ಅಂತಾರೆ, ನಮ್ಮಲ್ಲಿ ಮುದ ಅಂದರೆ ಖುಷಿ. ಗುಡ್ಡೆ ನೋಡಿ ಖುಷಿಪಡೋ ನಮ್ಮ ಬುದ್ಧಿಗೆ ಸರಿಯಾಗೇ ಇದೆ ಬಿಡು.

ಶರ್ಟಿಗೆ 180 ರೂಪಾಯಿ ಅಂದರೂ 1200ಕ್ಕೆ 2,16,000 ಸಿಕ್ಕಿಕೊಂಡಿರುತ್ತೆ. ವರ್ಷಕ್ಕೆ ಶೇ. 12ರ ಬಡ್ಡಿ ಹಿಡಿದರೆ ತಿಂಗಳಿಗೆ 2,160. ಇದಕ್ಕೆ ನೀನು ಹೆದರಲ್ಲ ಅಂತ ಗೊತ್ತು, ನಾನೂ ಹೆದರಲ್ಲ. ಹೆದರಬೇಕಾದ್ದು ಗುಡ್ಡೆಯೊಳಗೆ ಅಡಗಿರೋ ತಪ್ಪಿಗೆ. ಕಾಲರ್ ಮೊನೆ ವಾರೆ ಬಂದಿದ್ದು ಕೊನೆಯ ಚೆಕಿಂಗ್‌ನಲ್ಲಿ ಗೊತ್ತಾಗುವಷ್ಟರಲ್ಲಿ ಅಂಥವೇ ನೂರಾರು ಹಿಂದೆ ಸಾಲುಗಟ್ಟಿರುತ್ತವೆ. ಎಲ್ಲ ಬಿಚ್ಚಬೇಕು.

ಇನ್ನು ಬಂಡಲ್. 30ರ ಬಂಡಲ್ ಕಟ್ಟಿದರೆ ಒಂದೊಂದು ಜಾಗದಲ್ಲಿ 90 ನಿಮಿಷ, ಎಂಟು ಜಾಗಕ್ಕೆ 12 ಗಂಟೆ. 5ರ ಬಂಡಲ್ ಆದರೆ 15 ನಿಮಿಷ, ಎಂಟಕ್ಕೆ ಎರಡು ಗಂಟೆ. ಬೆಳಿಗ್ಗೆ ಮಾಡಿದ ಕಾಲರ್ ತಪ್ಪು ಹನ್ನೊಂದರ ಚಹಾದ ಹೊತ್ತಿಗೇ ಕಣ್ಣಿಗೆ ಬೀಳುತ್ತೆ. ಆದರೆ ಬಂಡಲ್ ಚಿಕ್ಕದು ಮಾಡಿ ಮೇಜುಗಳನ್ನು ದೂರದೂರ ಬಿಟ್ಟರೆ ಹುಡುಗರು ಹೊತ್ತು ತಿರುಗೋದೇ ಕೆಲಸ ಆಗುತ್ತೆ, ಬಹಳ ಕಡೆ ಎಡವೋದು ಇಲ್ಲೇ. ಮೇಜುಗಳನ್ನು ಕೈ ಚಾಚಿದರೆ ಸಿಗೋ ಹಾಗೆ ಕುದುರೆ ಲಾಳದ ಆಕಾರಕ್ಕೆ ಕೂರಿಸು. ಇನ್ನೊಂದು, ಕತ್ತರಿಸಿದ ಪದರಪದರಕ್ಕೂ ನಂಬರ್ ಸ್ಟಿಕ್ಕರ್ ಅಂಟಿಸೋದು ಮರೀಬೇಡ. 14ನೇ ಪದರದ ತೋಳು 41ನೇ ಪದರದ ಮೈಗೆ ಹೋದರೆ ಒಂದೇ ಥಾನಿನಲ್ಲೂ ಬಿಳಿಯ ಛಾಯೆ ಬೇರೆ ಕಾಣುತ್ತೆ. ಬಿಸಿಲಿಗೆ ಹಿಡಿದ ಮೇಲೆ ಅದು ತಾಯಂದಿರ ಕಣ್ಣು ತಪ್ಪಲ್ಲ.

ಕಾಜಾ ಮೇಜಿಗೆ ಮೊದಲು ದುಡ್ಡಿಲ್ಲದ ಮದ್ದು. ಎರಡು ಚಹಾ ವಿರಾಮ ತಲಾ 15 ನಿಮಿಷದ್ದು, ಊಟ 30. ದಿನಕ್ಕೆ ಒಂದು ಗಂಟೆ ಇಡೀ ಸಾಲಿನ ಜೊತೆ ಕಾಜಾ ಮೆಷಿನ್ನೂ ನಿಲ್ಲುತ್ತೆ. ಮೆಷಿನ್ನಿಗೇನು ಚಹಾ ಬೇಕಾ? ಕಾಜಾದವಳು ಎದ್ದಾಗ ಕಫ್ ಮೇಜಿನವಳು ಅಲ್ಲಿ ಕೂತು, ತನ್ನ ಚಹಾ ಆಮೇಲೆ ಕುಡಿಯಲಿ. ಯಾರ ವಿರಾಮವೂ ಒಂದು ನಿಮಿಷ ಕಮ್ಮಿಯಾಗದೆ 13 ಶರ್ಟು ಜಾಸ್ತಿ. ಆಮೇಲೆ ಕಾಜಾ ಮತ್ತು ಗುಂಡಿಯನ್ನು ಇಬ್ಬರಿಗೆ ಹಂಚು, ಇಬ್ಬರದೂ ಮೂರು ನಿಮಿಷದೊಳಗೆ ಬರುತ್ತೆ. ಗುರುತು ಹಾಕೋಕೆ ರಟ್ಟಿನ ಪಟ್ಟಿಯಲ್ಲಿ ಏಳು ತೂತು ಕೊರೆದು ಕೊಡು, ಟೇಪು ಹಿಡಿಯೋದು ತಪ್ಪುತ್ತೆ.

ದಾರ ಹರಿದರೆ, ಹೊಲಿಗೆ ಬಿಟ್ಟರೆ ಕೂಡಲೇ ನಿಲ್ಲಿಸಿ ಕೂಗು ಹಾಕೋ ಹಕ್ಕು ಟೈಲರಿಗೇ ಇರಲಿ. ಇದರ ಮೂಲ ಮಗ್ಗದ್ದು. ಟೊಯೊಟಾ ಮನೆತನದ ಹಿರಿಯ ಸಾಕಿಚಿ ಟೊಯೊಡಾ 1924ರಲ್ಲಿ ಮಾಡಿದ ಜಿ ಮಾದರಿಯ ಮಗ್ಗ ಎಳೆ ಹರಿದ ತಕ್ಷಣ ತಾನೇ ನಿಲ್ಲುತ್ತಿತ್ತು, ಅದರಿಂದ ಒಬ್ಬನೇ ಹಲವು ಮಗ್ಗ ನೋಡಿಕೊಳ್ಳಬಹುದಾಗಿತ್ತು. ಕಾರು ಆಮೇಲೆ ಬಂದದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ನಮ್ಮೂರಿನವರಿಗಾದರೂ ಇದು ನೆನಪಿರಬೇಕು.

ನಿನ್ನ ಪಾಲುದಾರರು ಲೀನ್ ಅಂದರೆ ಜನ ತೆಗೆಯೋದು ಅಂತಿದ್ದಾರಂತೆ. ಒಬ್ಬರನ್ನು ತೆಗೆದ ದಿನ ಉಳಿದವರು ತಮ್ಮ ಕೆಲಸದ ಒಳಗುಟ್ಟು ಹೇಳೋದು ನಿಲ್ಲಿಸುತ್ತಾರೆ, ಅಲ್ಲಿಗೆ ಮುಗೀತು. ಅದಕ್ಕಿಂತ ದೊಡ್ಡ ತೊಡಕು ನಿನ್ನ ಪೀಸ್ ರೇಟು. ಕಾಲರಿಗಿಷ್ಟು ಅಂತ ಕೊಟ್ಟರೆ ಕಾಲರಿನವನು ಕಾಜಾ ಮೇಜಿನಲ್ಲಿ ಗುಡ್ಡೆ ಬಿದ್ದಿದ್ದರೂ ಕಾಲರೇ ಹೊಲೀತಾನೆ, ತಪ್ಪು ಅವನದಲ್ಲ. ಚೆಕಿಂಗ್ ಪಾಸಾದ ಶರ್ಟಿಗೆ ಇಷ್ಟು ಅಂತ ಇಡೀ ಸಾಲಿಗೆ ಕೊಟ್ಟು ಹಂಚು. ಮೊದಲ ತಿಂಗಳು ಹಳೇ ಕೂಲಿಗಿಂತ ಕಮ್ಮಿ ಆಗದಂತೆ ಖಾತ್ರಿ ಕೊಡದಿದ್ದರೆ ಯಾರೂ ಒಪ್ಪಲ್ಲ.

ದುಡ್ಡಿನ ಸುದ್ದಿ ಎರಡು. ಸಣ್ಣ ಉತ್ಪಾದಕರಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಅನ್ನೋದು 2006ರ ಎಂಎಸ್‌ಎಂಇ, ಅಂದರೆ ಸಣ್ಣ-ಮಧ್ಯಮ ಉದ್ದಿಮೆಗಳ, ಕಾಯ್ದೆಯಲ್ಲೇ ಇತ್ತು. ತಡಮಾಡಿದ ವ್ಯಾಪಾರಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸೋಕಾಗಲ್ಲ ಅನ್ನೋ ಬಿಗಿ 2024ರಲ್ಲಿ ಬಂತು. ಸಣ್ಣ ಉದ್ದಿಮೆ ಅಂತ ಕೇಂದ್ರ ಕೊಡೋ ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸು. ಆದರೆ ಆ 45 ದಿನ ಶುರುವಾಗೋದು ಮಾಲು ತಲುಪಿದ ಮೇಲೆ. ಶೆಡ್ಡಿನೊಳಗೆ ಮಲಗಿದ 12 ದಿನ ಯಾವ ಕಾಯ್ದೆಯ ಲೆಕ್ಕಕ್ಕೂ ಬರಲ್ಲ. ಎರಡನೇದು, 2023ರ ಮಾರ್ಚ್‌ನಲ್ಲಿ ಕೇಂದ್ರ ಶುರುಮಾಡಿದ ಎಂಎಸ್‌ಎಂಇ ಲೀನ್ ಯೋಜನೆ. ಸಲಹೆಗಾರರ ಖರ್ಚಿನಲ್ಲಿ ಶೇ. 90 ಸರ್ಕಾರದ್ದು. ಅದಕ್ಕೂ ಉದ್ಯಮ್ ನೋಂದಣಿ ಬೇಕು. ಸಲಹೆಗಾರರು ಬಂದ ದಿನ ಗೋಡೆಗೆ ಪೋಸ್ಟರ್ ಅಂಟಿಸೋಕೆ ಹೊರಟರೆ, ಮೊದಲು ಕಾಜಾ ಮೇಜಿನ ಹತ್ತಿರ ಒಂದು ಗಂಟೆ ನಿಲ್ಲಿ ಅನ್ನು.

ಬರೋ ಶನಿವಾರ ಎಣಿಸು. ಜಾಗಜಾಗಕ್ಕೂ ಎಷ್ಟು ಪೀಸು ಕಾಯ್ತಿವೆ ಅಂತ ಒಂದು ಹಾಳೆಯಲ್ಲಿ ಬರಕೊಂಡು ಬಾ, ಫೋನಿನಲ್ಲಿ ಹೇಳಬೇಡ. ಕಾಫಿ ನಂದು, ಮಿರ್ಚಿ ಮಂಡಕ್ಕಿ ನಿಂದು.

ನಿನ್ನ,
ಚಹಾದವ