ಜೆ.ಸಿ. ರಸ್ತೆಯ ಆ ಹಿರಿಯರಿಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಬಿಡಿಭಾಗದ ಅಂಗಡಿ ಮುಂದೆ ನಿಂತು ಅಷ್ಟೆಲ್ಲ ಹೇಳಿಕೊಟ್ಟು, ಹೆಸರೂ ಹೇಳದೆ ಹೊರಟ ಹಿರಿಯರೇ, ನಿಮಗೆ ಮನಸಾರೆ ನಮಸ್ಕಾರ. ಮನೆಯಲ್ಲೇ ಬಿಚ್ಚಿ ಜೋಡಿಸಿದ ಹಳೇ ಜೀಪನ್ನು ಆರ್‌ಟಿಒ ತಪಾಸಣೆಗೆ ಒಯ್ಯುವ ಎಲ್ಲರಿಗೂ ನಿಮ್ಮ ಮಾತು ಬೇಕು.

ಅರ್ಧ ತೊಂದರೆ ಹೊಸ ಬಣ್ಣದಿಂದಲೇ ಅಂದಿರಿ. ನಿಜ. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಜೊತೆಗೆ ಮಿನುಗಿದರೆ ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಕರೆಂಟನ್ನು ಗಾಡಿಯ ಬಾಡಿಗೆ ವಾಪಸ್ ಒಯ್ಯುವ ಅರ್ತಿಂಗ್ ವೈರು ಬಣ್ಣದ ಮೇಲೆ ಕೂತಿರುತ್ತೆ. ಲೋಹ ಕಾಣುವ ತನಕ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಚಾಸಿ ನಂಬರಿನ ಗೆರೆಗಳಲ್ಲಿ ಬಣ್ಣ ತುಂಬಿದರೆ ತಪಾಸಣೆಗೆ ಬೇಕಾದ ಪೆನ್ಸಿಲ್ ಅಚ್ಚು ಕಾಗದದ ಮೇಲೆ ಮೂಡೋದಿಲ್ಲ. ಥಿನ್ನರ್ ಅದ್ದಿದ ಬಟ್ಟೆಯಲ್ಲೇ ಒರೆಸಬೇಕು. ಗ್ರೈಂಡರ್ ಮುಟ್ಟಿಸಿದರೆ ನಂಬರ್ ತಿದ್ದಿದ ಅನುಮಾನ ಬರುತ್ತೆ, ಆಮೇಲೆ ಎಷ್ಟು ವಿವರಿಸಿದರೂ ಕಷ್ಟ.

ಬ್ರೇಕ್ ಪೆಡಲ್ ಮೆತ್ತಗೆ ಒಳಹೋದರೆ ಪೈಪಿನಲ್ಲಿ ಗಾಳಿ ಇದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಗಾಳಿ ತೆಗೆಯೋದು ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಬಿಡುವ ಮೊದಲೇ ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ವಾಪಸ್ ಒಳಗೆ. ತೆರೆದಿಟ್ಟ ಹಳೇ ಡಬ್ಬಿಯ ಆಯಿಲ್ ಬೇಡವೇ ಬೇಡ. ತೇವ ಹೀರಿದ್ದು ಕಾವಿಗೆ ಕುದಿದು ಬ್ರೇಕ್ ಕೈಕೊಡುತ್ತೆ.

15 ವರ್ಷ ತುಂಬುವ ಖಾಸಗಿ ಗಾಡಿಯ ನೋಂದಣಿ ನವೀಕರಣಕ್ಕೆ ಫಾರಂ 25 ಅರ್ಜಿ, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ. ನವೀಕರಣ 5 ವರ್ಷಕ್ಕೆ.

ಒಮ್ಮೆ ಬಿಗಿದ ತಾಮ್ರದ ವಾಷರನ್ನು ಬ್ರೇಕ್ ಹೋಸಿಗೆ ಮತ್ತೆ ಹಾಕಬಾರದೆಂದು ನೀವೇ ಆರಿಸಿ ಕೊಡಿಸಿದ ಹೊಸ ವಾಷರ್‌ಗಳಲ್ಲಿ ಒಂದು ಹನಿಯೂ ಸೋರಿಲ್ಲ.